ಸಾಲು ತಪ್ಪಿದರೆ ಲೆಕ್ಕ ತಪ್ಪೀತು

ಕೂರಿಗೆಯ ಸಾಲು ಡೊಂಕಾದರೆ ಎಡೆಕುಂಟೆ ಹೊಡೆಯುವಾಗ ಪೈರೇ ಕಿತ್ತುಬರುತ್ತದೆ. 1991ರಲ್ಲಿ ಹೊರಬಂದ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿಯೂ ಹೀಗೆಯೇ. ಸಾಲಿನ ಮೊದಲು ಬಿಡುವ ಜಾಗದಿಂದಲೇ ಅರ್ಥ ಗೊತ್ತಾಗುವುದು.

ನಿಮ್ಮ ಮಕ್ಕಳು ಅದರಲ್ಲಿ 30 ದಿನದ ಹಾಲಿನ ಲೆಕ್ಕ ಬರೆಯುತ್ತಾರೆನ್ನಿ. ‘ಪ್ರತಿದಿನವೂ’ ಎಂಬ ಸಾಲಿನ ಕೆಳಗೆ ‘ಹಾಲಿನ ಅಳತೆ ಓದು’, ‘ಮೊತ್ತಕ್ಕೆ ಕೂಡು’ ಎಂಬ ಎರಡು ಸಾಲುಗಳೂ ಒಳಸರಿದಿರಬೇಕು. ಎರಡನೆಯದು ಅಂಚಿಗೆ ಜಾರಿದರೆ ಕಡೆಯ ದಿನದ ಹಾಲು ಮಾತ್ರ ಲೆಕ್ಕಕ್ಕೆ ಸೇರುತ್ತದೆ. ಕಂಪ್ಯೂಟರು ತಪ್ಪೆಂದು ಹೇಳುವುದೂ ಇಲ್ಲ!

ಜಾಗ ಬಿಡಲು ಟ್ಯಾಬ್ ಮತ್ತು ಸ್ಪೇಸ್ ಎಂಬ ಎರಡು ಕೀಲಿಗಳುಂಟು. ಟ್ಯಾಬಿನ ಅಗಲ ಒಂದು ಕಡೆ 4, ಇನ್ನೊಂದು ಕಡೆ 8 ಸ್ಪೇಸಿನಷ್ಟು ಕಾಣುತ್ತದೆ. ಆದಕಾರಣ ಎರಡನ್ನೂ ಬೆರೆಸಬಾರದು.

ಮಾಡತಕ್ಕ ಕ್ರಮ:

1. ವಿಎಸ್ ಕೋಡ್‌ನಲ್ಲಿ ಬರೆಯುವವರು ಕೆಳಗಿನ ಪಟ್ಟಿಯಲ್ಲಿ ‘ಸ್ಪೇಸಸ್’ ಅಥವಾ ‘ಟ್ಯಾಬ್ ಸೈಜ್’ ಎಂದಿರುವುದನ್ನು ಒತ್ತಬೇಕು.

2. ‘ಇಂಡೆಂಟ್ ಯೂಸಿಂಗ್ ಸ್ಪೇಸಸ್’ ಆರಿಸಿ, 4 ಎಂದು ಗೊತ್ತುಮಾಡಬೇಕು.

3. ಹಳೆಯ ಬರಹಕ್ಕೆ ‘ಕನ್ವರ್ಟ್ ಇಂಡೆಂಟೇಷನ್ ಟು ಸ್ಪೇಸಸ್’ ಆರಿಸಬೇಕು.

ಇಷ್ಟಾದರೂ ಮೊದಲ ತಿಂಗಳ ಮೊತ್ತವನ್ನು ಹಾಲಿನ ಪುಸ್ತಕದೊಡನೆ ಕೈಯಾರೆ ತಾಳೆ ನೋಡಿರಿ. ಹಣ ನಿಮ್ಮದು.