ಅತ್ತೆ ಮನೆಗೆ ಹೋಗೋಕೂ ವೀಸಾ!

"ಏನಮ್ಮಾ ಇದು, ಗಂಡನ ಹತ್ರ ಹೋಗೋಕೂ ಅರ್ಜಿ ಹಾಕ್ಬೇಕಾ?"

ಮೈಸೂರಿಂದ ಅಪ್ಪ ಫೋನಿನಲ್ಲಿ ಹೀಗೆ ಕೇಳಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಹಿಂದಿನ ರಾತ್ರಿಯಷ್ಟೇ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮಗ ಸಿಕ್ಕಿದ ಮೊದಲ ವಿಮಾನ ಹತ್ತಿದ. ಸೊಸೆ ಬೆಂಗಳೂರಿನ ಡೈನಿಂಗ್ ಟೇಬಲ್ ಮೇಲೆ ಫೈಲು ಹರಡಿಕೊಂಡು ಕೂತಿದ್ದಳು. ಅವನದು ಡಚ್ ಪಾಸ್‌ಪೋರ್ಟ್, ನನ್ನದು ಭಾರತದ್ದು. ವ್ಯತ್ಯಾಸ ಅಷ್ಟೇ.

ನನ್ನ ಗಂಡ ಕೆಲಸದ ಮೇಲೆ ಬೆಂಗಳೂರಿಗೆ ಬಂದು ಇಲ್ಲೇ ಉಳಿದವನು. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದೆವು. 30 ದಿನದ ನೋಟಿಸು, ಮೂರು ಜನ ಸಾಕ್ಷಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ. ಆಮೇಲೆ ಅಮ್ಮನ ಸಮಾಧಾನಕ್ಕೆ ಧಾರೆಯೂ ಆಯಿತು. ಧಾರೆಯ ಫೋಟೋ ಆಲ್ಬಮ್ಮಿಗಾಯಿತು, ರಿಜಿಸ್ಟ್ರಾರ್ ಕೊಟ್ಟ ಒಂದು ಹಾಳೆ ಮಾತ್ರ ಜೀವನಪೂರ್ತಿ ಕೆಲಸಕ್ಕೆ ಬಂತು.

ಮದುವೆಯಾದ ಮೇಲೆ ಮೊದಲ ಸಲ ನೆದರ್‌ಲ್ಯಾಂಡ್ಸ್‌ಗೆ ಹೋದಾಗ ಎಲ್ಲರ ಹಾಗೆ ನಾನೂ ಷೆಂಗೆನ್ ವೀಸಾ ಮಾಡಿಸಿದ್ದೆ. ಬ್ಯಾಂಕ್ ಸ್ಟೇಟ್‌ಮೆಂಟು, ಸಂಬಳದ ಚೀಟಿ, ಆಫೀಸಿನ ರಜೆ ಪತ್ರ, ಟ್ರಾವೆಲ್ ಇನ್ಶೂರೆನ್ಸು, ಫೀಸು ಎಲ್ಲ ಕೊಟ್ಟಿದ್ದಾಯಿತು. ಯಾರ ಮೇಲೂ ದೂರಿರಲಿಲ್ಲ. ಆದರೆ ನಿವೃತ್ತಿಯ ನಂತರ ಅತ್ತೆ ಬಿಸಿಲು ಹುಡುಕಿಕೊಂಡು ದಕ್ಷಿಣ ಯುರೋಪಿನ ಇನ್ನೊಂದು ದೇಶಕ್ಕೆ ಹೋಗಿ ನೆಲೆಸಿದ್ದರು. ಬಿದ್ದದ್ದೂ ಅಲ್ಲೇ. ಹಾಗಾಗಿ ಈ ಸಲ ನಾನು ಹೋಗಬೇಕಿದ್ದುದು ನನ್ನ ಗಂಡನ ಸ್ವಂತ ದೇಶಕ್ಕಲ್ಲ, ಬೇರೆ ದೇಶಕ್ಕೆ. ಇದೊಂದು ವ್ಯತ್ಯಾಸದಿಂದ ಕಾನೂನೇ ಬದಲಾಗುತ್ತೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ.

ಗೊತ್ತಾಗಿದ್ದು ಹೇಗೆ ಅಂದ್ರೆ, ಗಂಡ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಫೋನಿನಲ್ಲಿ ಓದಿ ಓದಿ ರಾತ್ರಿ ಎರಡು ಗಂಟೆಗೆ ಒಂದು ಲಿಂಕ್ ಕಳಿಸಿದ. ಯುರೋಪಿಯನ್ ಒಕ್ಕೂಟದ 2004ರ ಒಂದು ನಿರ್ದೇಶನ, ಅದರ ನಂಬರ್ 2004/38. ಒಕ್ಕೂಟದ ಪ್ರಜೆಗಳು ಮತ್ತವರ ಕುಟುಂಬದವರು ಸದಸ್ಯ ದೇಶಗಳಲ್ಲಿ ಓಡಾಡುವ, ನೆಲೆಸುವ ಹಕ್ಕಿನ ಬಗ್ಗೆ ಇರುವಂಥದ್ದು. ಅದರ ಐದನೇ ವಿಧಿ ಹೇಳೋದಿಷ್ಟು: ಒಕ್ಕೂಟದ ಪ್ರಜೆ ತನ್ನದಲ್ಲದ ಇನ್ನೊಂದು ಸದಸ್ಯ ದೇಶಕ್ಕೆ ಹೋಗುವಾಗ, ಜೊತೆಗೆ ಹೋಗುವ ಅಥವಾ ಆಮೇಲೆ ಹೋಗಿ ಸೇರಿಕೊಳ್ಳುವ ಗಂಡ ಅಥವಾ ಹೆಂಡತಿಗೆ ವೀಸಾವನ್ನು ಉಚಿತವಾಗಿ, ಆದಷ್ಟು ಬೇಗ, ತ್ವರಿತ ವಿಧಾನದಲ್ಲಿ ಕೊಡಬೇಕು. ಬೇಕಾದ ಎಲ್ಲ ಅನುಕೂಲವನ್ನೂ ಮಾಡಿಕೊಡಬೇಕು.

ಉಚಿತ! 2024ರ ಜೂನ್‌ನಿಂದ ದೊಡ್ಡವರ ಷೆಂಗೆನ್ ಫೀಸು 90 ಯೂರೋ, ನಮ್ಮ ಲೆಕ್ಕದಲ್ಲಿ ಎಂಟು ಸಾವಿರಕ್ಕೂ ಮೇಲೆ. ಆದರೆ ಆ ರಾತ್ರಿ ನನಗೆ ದುಡ್ಡಿಗಿಂತ 'ಬೇಗ' ಅನ್ನೋ ಪದವೇ ಮುಖ್ಯವಾಗಿತ್ತು.

ವೀಸಾ ಕೇಂದ್ರದ ಕೌಂಟರಿನಲ್ಲಿ ನಡೆದದ್ದು ಹೇಳ್ತೀನಿ. ಯಾವ ದೇಶದ್ದು, ಯಾವ ಕಂಪನಿಯದ್ದು ಅನ್ನೋದು ಬೇಡ. ನನ್ನ ಪಾಸ್‌ಪೋರ್ಟು, ಮದುವೆ ಸರ್ಟಿಫಿಕೇಟು, ಗಂಡನ ಪಾಸ್‌ಪೋರ್ಟಿನ ಪ್ರತಿ, ಅವನು ಆಗಲೇ ಅಲ್ಲಿಗೆ ಹೋಗಿದ್ದಾನೆ ಅನ್ನೋದಕ್ಕೆ ಟಿಕೆಟ್ಟು, 'ನನ್ನ ಹೆಂಡತಿ ನನ್ನನ್ನು ಸೇರಿಕೊಳ್ಳುತ್ತಾಳೆ' ಅಂತ ಅವನು ಸಹಿ ಮಾಡಿದ ಪತ್ರ, ಇಷ್ಟು ಕೊಟ್ಟೆ. ಕೌಂಟರಿನ ಹುಡುಗಿ ಹಾಳೆಗಳನ್ನು ಎರಡು ಸಲ ತಿರುವಿ ಹಾಕಿದಳು.

"ಮೇಡಂ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಿ? ಇನ್ಶೂರೆನ್ಸ್? ಹೋಟೆಲ್ ಬುಕಿಂಗ್?"

"ನನಗೆ ಅದು ಬೇಕಾಗಲ್ಲ. ನಾನು ಯುರೋಪಿಯನ್ ಪ್ರಜೆಯ ಹೆಂಡತಿ. ಫಾರಂ ನೋಡಿ, ನಕ್ಷತ್ರದ ಗುರುತಿರೋ ಕಾಲಂಗಳನ್ನ ನಮ್ಮಂಥವರು ತುಂಬೋ ಹಾಗಿಲ್ಲ ಅಂತ ಅಲ್ಲೇ ಬರೆದಿದೆ."

ಷೆಂಗೆನ್ ಫಾರಂ ತುಂಬಿದವರು ಆ ಸಣ್ಣ ನಕ್ಷತ್ರ ನೋಡಿಯೇ ಇರ್ತೀರಿ. ಉದ್ಯೋಗ ಏನು, ಕರೆಸಿಕೊಳ್ಳುವವರು ಯಾರು, ಖರ್ಚು ಯಾರದು ಅನ್ನುವ ಕಾಲಂಗಳ ಪಕ್ಕ ಇರುತ್ತೆ. ನಾನು ಮೊದಲ ಸಲ ಅದೇನೋ ಅಲಂಕಾರ ಅಂದುಕೊಂಡಿದ್ದೆ!

"ನಮ್ಮ ಚೆಕ್‌ಲಿಸ್ಟಲ್ಲಿ ಹಾಗಿಲ್ಲ ಮೇಡಂ. ಸಿಸ್ಟಮ್ಮು ಫೀಸಿಲ್ಲದೆ ಮುಂದೆ ಹೋಗಲ್ಲ."

ಅವಳದೇನು ತಪ್ಪು? ದಿನಕ್ಕೆ ನೂರು ಜನರಿಗೆ ಅದೇ ಪಟ್ಟಿ ಓದುವವಳು. ಸೂಪರ್‌ವೈಸರ್ ಬಂದರು, ಅವರದೂ ಅದೇ ಮಾತು. ಹಿಂದೆ ಲೈನಿನಲ್ಲಿದ್ದ ಅಂಕಲ್ ಒಬ್ಬರು "ಕಟ್ಬಿಡಮ್ಮಾ, ಯಾಕೆ ರಗಳೆ" ಅಂದರು. ಕಟ್ಟಿಬಿಡೋಣ ಅಂತ ನನಗೂ ಅನಿಸಿತ್ತು. ಆದರೆ ಕಟ್ಟಿದರೆ ನನ್ನ ಅರ್ಜಿ ಸಾಮಾನ್ಯ ಪ್ರವಾಸಿಯ ಸಾಲಿಗೆ ಸೇರುತ್ತೆ, ಆಗ ಬ್ಯಾಂಕ್ ಸ್ಟೇಟ್‌ಮೆಂಟೂ ಬೇಕು, ಕಾಯೋದೂ ಹೆಚ್ಚು. ಫೈಲು ಎತ್ತಿಕೊಂಡು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ಸ್ವಲ್ಪ ಹೊತ್ತು ಅತ್ತೆ.

ಅಳು ಮುಗಿದ ಮೇಲೆ ಮಾಡಬೇಕಿದ್ದ ಕೆಲಸ ಮಾಡಿದೆ. ಈ ಕೇಂದ್ರಗಳು ಕಾಗದ ತಗೊಳ್ಳೋ ಹೊರಗುತ್ತಿಗೆ ಕಂಪನಿಗಳು ಅಷ್ಟೇ, ತೀರ್ಮಾನ ದೂತಾವಾಸದ್ದು. ಯುರೋಪಿಯನ್ ಆಯೋಗದ ಕೈಪಿಡಿ ಪ್ರಕಾರ ನಮ್ಮಂಥ ಕುಟುಂಬದವರಿಗೆ ನೇರವಾಗಿ ದೂತಾವಾಸದಲ್ಲೇ, ಯಾವ ಖರ್ಚೂ ಇಲ್ಲದೆ ಅರ್ಜಿ ಕೊಡುವ ಅವಕಾಶ ಇರಬೇಕು. ನಾವಾಗೇ ಕೇಂದ್ರಕ್ಕೆ ಹೋಗೋದನ್ನ ಆರಿಸಿಕೊಂಡರೆ ಅದರ ಸೇವಾ ಶುಲ್ಕ ಮಾತ್ರ ಕೊಡಬೇಕಾಗುತ್ತೆ. ದೂತಾವಾಸದ ವೀಸಾ ವಿಭಾಗಕ್ಕೆ ಮೇಲ್ ಹಾಕಿದೆ. ಉದ್ದ ಬರೆಯಲಿಲ್ಲ. ನಾನು ಯಾರು, ಗಂಡ ಯಾವ ದೇಶದವನು, ಎಲ್ಲಿದ್ದಾನೆ, ಯಾವ ನಿರ್ದೇಶನದ ಯಾವ ವಿಧಿ, ಯಾವತ್ತು ಯಾವ ಕೌಂಟರಿನಲ್ಲಿ ಏನು ಹೇಳಿದರು, ಇಷ್ಟೇ. ಕಾಗದಗಳನ್ನೆಲ್ಲ ಲಗತ್ತಿಸಿದೆ. ಉತ್ತರ ಬರದಿದ್ದರೆ ಅಂತ ಗಂಡ 'ಸಾಲ್ವಿಟ್'ಗೆ ದೂರನ್ನೂ ಬರೆದಿಟ್ಟುಕೊಂಡಿದ್ದ. ಸದಸ್ಯ ದೇಶಗಳ ಸರ್ಕಾರಿ ಕಚೇರಿಗಳು ಒಕ್ಕೂಟದ ನಿಯಮ ಸರಿಯಾಗಿ ಪಾಲಿಸದಿದ್ದಾಗ ಪುಕ್ಕಟೆ ಸಹಾಯ ಮಾಡುವ ವ್ಯವಸ್ಥೆ ಅದು. ಅದರ ಅಗತ್ಯ ಬೀಳಲಿಲ್ಲ. ಎರಡನೇ ದಿನ ದೂತಾವಾಸದಿಂದ ಫೋನು ಬಂತು, ಕೇಂದ್ರಕ್ಕೂ ಸೂಚನೆ ಹೋಯಿತು. ಅದೇ ಹುಡುಗಿ, ಅದೇ ಕೌಂಟರು. "ಮೇಡಂ, ನಮಗೂ ಈಗ್ಲೇ ಗೊತ್ತಾಗಿದ್ದು" ಅಂತ ನಕ್ಕು ಫೈಲು ತಗೊಂಡಳು. ಎಂಟನೇ ದಿನಕ್ಕೆ ಪಾಸ್‌ಪೋರ್ಟು ಕೈಗೆ ಬಂತು.

ಇದನ್ನ ಯಾಕೆ ಇಷ್ಟು ವಿವರವಾಗಿ ಬರೀತಿದ್ದೀನಿ ಅಂದ್ರೆ, ಇದು ಬಿಳಿ ಗಂಡ, ಕಂದು ಹೆಂಡತಿಯ ಕಥೆ ಮಾತ್ರ ಅಲ್ಲ. ನನ್ನ ಸಹೋದ್ಯೋಗಿಯೊಬ್ಬಳ ಗಂಡ ದಾವಣಗೆರೆಯವನು. ಜರ್ಮನಿಯಲ್ಲಿದ್ದಾಗ ಅಲ್ಲಿನ ಪೌರತ್ವ ತಗೊಂಡು, ಈಗ ಒಸಿಐ ಕಾರ್ಡ್ ಇಟ್ಟುಕೊಂಡು ಬೆಂಗಳೂರಿನಲ್ಲೇ ಇದ್ದಾನೆ. ಇವಳದು ಭಾರತದ ಪಾಸ್‌ಪೋರ್ಟು. ಇಬ್ಬರೂ ಪ್ಯಾರಿಸ್‌ಗೆ ಹೊರಟರೆ ಇವಳಿಗೂ ಇದೇ ಹಕ್ಕು. ಕಾನೂನು ನೋಡೋದು ಪಾಸ್‌ಪೋರ್ಟನ್ನ, ಊರನ್ನಲ್ಲ. ಆದರೆ ಅದೇ ಜೋಡಿ ಬೆಂಗಳೂರಿಂದ ನೇರ ಬರ್ಲಿನ್‌ಗೆ ಹೊರಟರೆ ಈ ನಿರ್ದೇಶನ ಅನ್ವಯಿಸಲ್ಲ, ಅದು ಅವನ ಸ್ವಂತ ದೇಶ. ತವರಿಗಿಂತ ಪರದೇಶದಲ್ಲೇ ಹೆಂಡತಿಗೆ ಮರ್ಯಾದೆ ಜಾಸ್ತಿ! ಗಂಡ ಬರದೆ ಅವಳೊಬ್ಬಳೇ ಗೆಳತಿಯರ ಜೊತೆ ಹೋದರೂ ಅನ್ವಯಿಸಲ್ಲ. ಬ್ರಿಟಿಷ್ ಪಾಸ್‌ಪೋರ್ಟಿನವರ ಸಂಗಾತಿಗಳಿಗೆ ಬ್ರೆಕ್ಸಿಟ್ ನಂತರ, ಅಂದರೆ 2020ರ ಕೊನೆಯಿಂದ, ಈ ಬಾಗಿಲು ಮುಚ್ಚಿದೆ. ಐರ್ಲೆಂಡ್ ಒಕ್ಕೂಟದಲ್ಲಿದ್ದರೂ ಷೆಂಗೆನ್‌ನಲ್ಲಿಲ್ಲ, ಅಲ್ಲಿಗೆ ಬೇರೆಯೇ ವೀಸಾ.

ನಿರಾಕರಿಸೋಕೆ ಆಗೋದೇ ಇಲ್ಲ ಅಂತಲ್ಲ. ಸಾರ್ವಜನಿಕ ಸುವ್ಯವಸ್ಥೆ, ಭದ್ರತೆ, ಆರೋಗ್ಯದ ಕಾರಣಕ್ಕೆ, ಇಲ್ಲವೇ ಮದುವೆಯೇ ವೀಸಾಕ್ಕಾಗಿ ಮಾಡಿಕೊಂಡ ನಾಟಕ ಅಂತ ಸಾಬೀತಾದರೆ ನಿರಾಕರಿಸಬಹುದು. ಕಾರಣ ಬರವಣಿಗೆಯಲ್ಲಿ ಕೊಡಬೇಕು, ಮೇಲ್ಮನವಿಗೆ ದಾರಿ ಇರಬೇಕು. ಅದಕ್ಕೇ ಮದುವೆ ನೋಂದಣಿಯನ್ನ ಮುಂದೂಡಬೇಡಿ. ಸರ್ಟಿಫಿಕೇಟಿಗೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆಯನ್ನೂ ಪುರುಸೊತ್ತಿದ್ದಾಗಲೇ ಹಾಕಿಸಿಟ್ಟುಕೊಳ್ಳಿ. ಅತ್ತೆ ಬಿದ್ದ ಮಾರನೇ ದಿನ ಆ ಕೆಲಸಕ್ಕೆ ಓಡಾಡೋಕಾಗಲ್ಲ.

ನಾನು ಅಲ್ಲಿಗೆ ಮುಟ್ಟುವಾಗ ಆಪರೇಷನ್ ಆಗಿ ಹತ್ತು ದಿನ ಕಳೆದಿತ್ತು. ಇಮಿಗ್ರೇಷನ್ ಅಧಿಕಾರಿ ಪಾಸ್‌ಪೋರ್ಟು ನೋಡಿ "ಗಂಡ ಎಲ್ಲಿ?" ಅಂತ ಕೇಳಿದ. "ಹೊರಗೆ ಕಾಯ್ತಿದ್ದಾರೆ" ಅಂದೆ. ಸೀಲು ಬಿತ್ತು.

ಅತ್ತೆ ವಾಕರ್ ಹಿಡಿದು ಅಡುಗೆಮನೆ ಬಾಗಿಲವರೆಗೆ ಬಂದರು. ಅವರಿಗೆ ಕನ್ನಡ ಬರಲ್ಲ, ನನಗೆ ಡಚ್ ಅಷ್ಟಕ್ಕಷ್ಟೇ. ಸೂಟ್‌ಕೇಸಿಂದ ಅಮ್ಮ ಕಳಿಸಿದ ಸಾರಿನ ಪುಡಿ ತೆಗೆದೆ. ಅವರು ಡಬ್ಬಿ ಮೂಸಿ ನೋಡಿ, ಎರಡು ಸಲ ಸೀನಿ, ಆಮೇಲೆ ಒಲೆಯ ಕಡೆ ಕೈ ತೋರಿಸಿದರು.