ಹಾಡೋಕೆ ಬರದವರಿಗೆ ಚರ್ಚ್‌ನಲ್ಲಿ ಏನು ಕೆಲಸ? ಬಳ್ಳಾರಿಯ ಇತಿಹಾಸ ಹೇಳುವ ಉತ್ತರ

ಚರ್ಚ್‌ಗೆ ಹೋಗುವ ಹುಡುಗ ಹುಡುಗಿಯರ ಮನಸ್ಸಲ್ಲಿ ಆಗಾಗ ಬರುವ ಒಂದು ಪ್ರಶ್ನೆಯಿಂದ ಶುರು ಮಾಡೋಣ. ‘ನಂಗೆ ಹಾಡೋಕೆ ಬರಲ್ಲ, ಗಿಟಾರ್ ಬರಲ್ಲ, ಮೈಕ್ ಹಿಡಿದ್ರೆ ಕೈ ನಡುಗತ್ತೆ. ನನ್ನಿಂದ ಚರ್ಚ್‌ಗೆ ಏನು ಉಪಯೋಗ?’

ಈ ಪ್ರಶ್ನೆಯನ್ನ ಹಗುರವಾಗಿ ತಗೋಬಾರದು. ಎಷ್ಟೋ ಯುವಕರು ನಂಬಿಕೆ ಕಳ್ಕೊಂಡು ಅಲ್ಲ, ತಮಗೆ ಅಲ್ಲಿ ಜಾಗವೇ ಇಲ್ಲ ಅನ್ನಿಸಿ ಹಿಂದಿನ ಬೆಂಚಿಗೆ ಸರೀತಾರೆ. ಆಮೇಲೆ ಬರೋದನ್ನೇ ಬಿಡ್ತಾರೆ.

ಮೊದಲು ಒಂದು ಪದ ನೋಡೋಣ. ‘ಅವರಿಗೆ ಕರಿಸ್ಮಾ ಇದೆ’ ಅಂತೀವಲ್ಲ, ಅದು ಗ್ರೀಕ್‌ನ ‘ಖಾರಿಸ್ಮ’. ಅದರ ಮೂಲ ‘ಖಾರಿಸ್’, ಅಂದ್ರೆ ಕೃಪೆ. ಕನ್ನಡ ಕ್ರೈಸ್ತರು ಅದನ್ನ ‘ವರ’ ಅಂತಾರೆ. ಇವತ್ತು ಕರಿಸ್ಮಾ ಅಂದ್ರೆ ಸ್ಟೇಜ್ ಮೇಲೆ ಮಿಂಚೋದು. ಮೂಲದಲ್ಲಿ ಮಾತ್ರ ಅದು ಬಿಟ್ಟಿಯಾಗಿ ಸಿಕ್ಕಿದ್ದು. ನಾವು ಸಂಪಾದಿಸಿದ್ದಲ್ಲ, ಹಾಗಾಗಿ ಜಂಬಪಡೋಕೂ ಕಾರಣ ಇಲ್ಲ.

ಈ ಮಾತನ್ನ ವಿವರವಾಗಿ ಬರೆದವನು ಪೌಲ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಗ್ರೀಸ್‌ನ ಕೊರಿಂಥ ಪಟ್ಟಣದ ಚರ್ಚ್‌ನಲ್ಲಿ ಯಾರ ವರ ದೊಡ್ಡದು ಅನ್ನೋ ಪೈಪೋಟಿ ಎದ್ದಿತ್ತು. ಪೌಲ ಅವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿ ಚರ್ಚನ್ನ ಒಂದು ದೇಹಕ್ಕೆ ಹೋಲಿಸ್ತಾನೆ. ದೇಹ ಪೂರ್ತಿ ಕಣ್ಣೇ ಆಗಿಬಿಟ್ರೆ ಕೇಳೋದು ಹೇಗೆ ಅನ್ನೋದು ಅವನ ವಾದ. ಬಲಹೀನ ಅಂತ ಕಾಣುವ ಅಂಗವೇ ಹೆಚ್ಚು ಅಗತ್ಯ ಅಂತಾನೆ. ಮದುವೆಗಳಲ್ಲಿ ಓದುವ ಪ್ರೀತಿಯ ಅಧ್ಯಾಯ ಇದೆಯಲ್ಲ, 13ನೆಯದು? ಅದು ಬರೋದು ಸರಿಯಾಗಿ ಈ ಜಗಳದ ನಡುವೆ. ಮುಂದಿನ 14ನೇ ಅಧ್ಯಾಯದಲ್ಲಿ ಮತ್ತೆ ವರಗಳ ಮಾತೇ. ಅಂದ್ರೆ ಪೌಲ ಅದನ್ನ ಬರೆದಿದ್ದು ಮದುಮಕ್ಕಳಿಗಲ್ಲ, ಒಬ್ಬರನ್ನೊಬ್ಬರು ತುಳಿಯುತ್ತಿದ್ದ ಪ್ರತಿಭಾವಂತರಿಗೆ.

ನಮ್ಮ ಬಳ್ಳಾರಿಯವರಿಗೆ ಇದು ಅರ್ಥ ಆಗೋದು ಸುಲಭ, ಯಾಕಂದ್ರೆ ಇದು ಜೀನ್ಸ್ ಹೊಲಿಯೋ ಊರು. ಬಟ್ಟೆ ಕತ್ತರಿಸೋರು ಒಬ್ಬರು, ಹೊಲಿಯೋರು ಇನ್ನೊಬ್ಬರು. ಜಿಪ್, ಗುಂಡಿ, ವಾಷಿಂಗ್, ಇಸ್ತ್ರಿ, ಒಂದೊಂದಕ್ಕೂ ಬೇರೆ ಬೇರೆ ಕೈ. ಕಟಿಂಗ್ ಎಷ್ಟೇ ಚೆನ್ನಾಗಿರಲಿ, ಗುಂಡಿ ಇಲ್ಲದ ಪ್ಯಾಂಟನ್ನ ಯಾರು ಹಾಕ್ಕೋತಾರೆ?

ಇದೇ ಊರಿನ ಕ್ರೈಸ್ತ ಇತಿಹಾಸದಲ್ಲೂ ಇಂಥ ಹಂಚಿಕೆ ನಡೆದಿತ್ತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. ಆಮೇಲೆ ಬಂದು ಜೊತೆಗೂಡಿದ ವಿಲಿಯಂ ರೀವ್ ಅವರ ಒಲವು ಪದಗಳ ಕಡೆ. ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದರು, ಅದು 1832ರಲ್ಲಿ ಅಚ್ಚಾಯ್ತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಇಡೀ ಬೈಬಲ್ ಕೂಡ ಕನ್ನಡದಲ್ಲಿ ಬಂತು. ಊರಲ್ಲಿ ಮಿಷನ್ನಿನ ಮುದ್ರಣಾಲಯವೂ ಶುರುವಾಯ್ತು. ಅಚ್ಚುಮೊಳೆ ಜೋಡಿಸೋರು, ಕರಡು ತಿದ್ದೋರು, ಪುಟ ಹೊಲಿಯೋರು ಇಲ್ಲದಿದ್ರೆ ಅನುವಾದ ಹಸ್ತಪ್ರತಿಯಾಗೇ ಉಳೀತಿತ್ತು.

ಸುದ್ದಿ ಓದುವವರಿಗೆ ಇನ್ನೊಂದು ವಿಷಯ ಹೇಳಲೇಬೇಕು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅದನ್ನ ಶುರು ಮಾಡಿದ್ದು 1843ರ ಜುಲೈ 1ರಂದು. ಮಂಗಳೂರಲ್ಲಿ ಆಗ ಇದ್ದಿದ್ದು ಕಲ್ಲಚ್ಚು. ಮರುವರ್ಷವೇ ಪತ್ರಿಕೆ ‘ಕನ್ನಡ ಸಮಾಚಾರ’ ಅನ್ನೋ ಹೆಸರಲ್ಲಿ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು, ಯಾಕಂದ್ರೆ ಇಲ್ಲಿ ಅಚ್ಚುಮೊಳೆ ಇತ್ತು. ಬಾಸೆಲ್‌ನವರ ಆಚಾರ ಬೇರೆ, ಲಂಡನ್‌ನವರ ಆಚಾರ ಬೇರೆ. ಆದ್ರೂ ಒಬ್ಬರ ಪೆನ್ನು, ಇನ್ನೊಬ್ಬರ ಊರಿನ ಅಚ್ಚು.

ನಿಘಂಟಿನ ಕಥೆಯೂ ಹಾಗೇ. ರೀವ್ ಮಾಡಿದ್ದನ್ನ 1858ರಲ್ಲಿ ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿದರು. 1894ರಲ್ಲಿ ಬಂದದ್ದು ಬಾಸೆಲ್ ಮಿಷನ್ನಿನ ಕಿಟೆಲ್ ಅವರ ದೊಡ್ಡ ನಿಘಂಟು. ಮೂರು ಪಂಗಡ, ಮೂರು ತಲೆಮಾರು, ಕೆಲಸ ಮಾತ್ರ ಒಂದೇ.

ಆದರೆ ಇಲ್ಲಿ ಒಂದು ಕೊರತೆ ಕೂಡ ಇದೆ ನೋಡಿ. ಹ್ಯಾಂಡ್ಸ್, ರೀವ್ ಅನ್ನೋ ಹೆಸರು ನಮಗೆ ಗೊತ್ತು. ಇವರಿಗೆಲ್ಲ ಕನ್ನಡ ಕಲಿಸಿದ ಮುನ್ಷಿಗಳು, ಮೊಳೆ ಜೋಡಿಸಿದ ಕೆಲಸಗಾರರು ಯಾರು? ಬಹುಪಾಲು ಹೆಸರುಗಳು ಪುಸ್ತಕದ ಮೊದಲ ಪುಟಕ್ಕೆ ಬರಲೇ ಇಲ್ಲ. ಮರೆಯಲ್ಲಿರುವ ಅಂಗಕ್ಕೆ ಹೆಚ್ಚು ಗೌರವ ಕೊಡಿ ಅಂತ ಪೌಲ ಹೇಳಿದ್ದ ಮಾತು ಆ ಪುಸ್ತಕದ ಒಳಗಿತ್ತು, ರಟ್ಟಿನ ಮೇಲೆ ಇರಲಿಲ್ಲ. ನನ್ನ ಪ್ರಕಾರ ಇವತ್ತಿನ ಚರ್ಚ್‌ಗಳಲ್ಲೂ ಸಮಸ್ಯೆ ಇದೇ. ವರಗಳಿಗೆ ಕೊರತೆ ಇಲ್ಲ, ಅವುಗಳನ್ನ ಗುರುತಿಸೋರು ಕಡಿಮೆ.

ಹಾಗಾದ್ರೆ ಐಕ್ಯತೆ ಅಂದ್ರೆ ಎಲ್ಲರೂ ಒಂದೇ ಥರ ಆಗೋದಾ? ಅಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದ್ರೆ ಸಿಎಸ್‌ಐ, ಹುಟ್ಟಿತು. ಬಿಷಪ್ಪರಿರುವ ಆಂಗ್ಲಿಕನ್ನರು, ಮೆಥಡಿಸ್ಟರು, ಜೊತೆಗೆ ಸೌತ್ ಇಂಡಿಯಾ ಯುನೈಟೆಡ್ ಚರ್ಚ್. ಈ ಮೂರನೆಯದರಲ್ಲಿ ಲಂಡನ್ ಮಿಷನ್ ಪರಂಪರೆಯ ಸಭೆಗಳಿದ್ದವು. ಅವರಲ್ಲಿ ಬಿಷಪ್ ಅನ್ನೋ ಹುದ್ದೆಯೇ ಇರಲಿಲ್ಲ, ಸಭೆಯ ಜನರ ಮಾತಿಗೇ ತೂಕ. ಮಾತುಕತೆ ಶುರುವಾಗಿದ್ದು 1919ರಲ್ಲಿ ತರಂಗಂಬಾಡಿಯಲ್ಲಿ. ಮುಗಿಯೋಕೆ 28 ವರ್ಷ ಬೇಕಾಯ್ತು! ಕೊನೆಗೆ ಬಿಷಪ್ಪರೂ ಉಳಿದರು, ತೀರ್ಮಾನಗಳಲ್ಲಿ ಸಾಮಾನ್ಯ ಸದಸ್ಯರ ಪಾಲೂ ಉಳಿಯಿತು. ಯಾರೂ ತಮ್ಮ ವರವನ್ನ ಬಾಗಿಲಾಚೆ ಬಿಟ್ಟು ಒಳಗೆ ಬರಬೇಕಾಗಲಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ಬಳ್ಳಾರಿಯಲ್ಲಿ ಕನ್ನಡ, ತೆಲುಗು ಎರಡೂ ಸರಾಗವಾಗಿ ಮಾತಾಡೋರು ಎಷ್ಟೊಂದು ಜನ! ನಿಮಗೆ ಅದು ಮಾಮೂಲು ಅನ್ನಿಸಬಹುದು. ಹೊಸದಾಗಿ ಬಂದು ಒಂದು ಪ್ರಾರ್ಥನೆಯೂ ಅರ್ಥವಾಗದೆ ಕೂತಿರುವ ಅಜ್ಜಿಗೆ ಅದೇ ವರ. ಸಿರುಗುಪ್ಪದಿಂದ, ಕುರುಗೋಡಿನಿಂದ ದೊಡ್ಡಾಸ್ಪತ್ರೆಗೆ ಬಂದು ದಾರಿ ತಿಳಿಯದೆ ನಿಂತವರ ಜೊತೆ ಓಡಾಡೋದು, ಲೆಕ್ಕ ಸರಿಯಾಗಿ ಬರೆಯೋದು, ಎರಡು ವಾರ ಕಾಣಿಸದ ಗೆಳೆಯನಿಗೆ ಒಂದು ಕಾಲ್ ಮಾಡೋದು, ಇವೂ ವರಗಳೇ. ಪೌಲನ ಪಟ್ಟಿಯಲ್ಲಿ ಸಹಾಯ ಮಾಡೋದು, ಆಡಳಿತ ನೋಡಿಕೊಳ್ಳೋದು ಎರಡೂ ಇವೆ.

ನಿಮ್ಮ ವರ ಯಾವುದು ಅಂತ ಗೊತ್ತಾಗ್ತಿಲ್ವಾ? ಎರಡು ಪ್ರಶ್ನೆ ಹಾಕ್ಕೊಳ್ಳಿ. ಜನ ನಿಮ್ಮ ಹತ್ರ ಪದೇ ಪದೇ ಯಾವ ಸಹಾಯ ಕೇಳ್ಕೊಂಡು ಬರ್ತಾರೆ? ಯಾರೂ ಫೋಟೋ ತೆಗೀದಿದ್ರೂ ನೀವು ಖುಷಿಯಿಂದ ಮಾಡುವ ಕೆಲಸ ಯಾವುದು? ಇನ್ನು ನೀವು ಈಗಾಗ್ಲೇ ಮೈಕ್ ಮುಂದೆ ಇರೋರಾದ್ರೆ, ಈ ಭಾನುವಾರ ಸೌಂಡ್ ಸೆಟ್ ಮಾಡಿದವರ, ಚಾಪೆ ಹಾಸಿದವರ ಹೆಸರನ್ನ ಎಲ್ಲರ ಮುಂದೆ ಒಂದು ಸಲ ಹೇಳಿ. ಹಾಗೆ ಹೇಳೋಕೆ ಅರ್ಧ ನಿಮಿಷವೂ ಬೇಡ.

ಇವತ್ತಿಗೆ ಇಷ್ಟು. ನಿಮ್ಮ ಚರ್ಚ್‌ನಲ್ಲಿ ಯಾರ ಕೆಲಸವನ್ನ ಯಾರೂ ಗಮನಿಸ್ತಿಲ್ಲ? ಈ ಎಪಿಸೋಡನ್ನ ಅವರಿಗೇ ಕಳಿಸಿ.