ಅಪ್ಪನ ಎರಡು ಬೆರಳು

ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಅಪ್ಪ ರಾಯಚೂರಿನಿಂದ ಮಿಯಾಪುರದ ನಮ್ಮ ಮನೆಗೆ ಬಂದಿದ್ದರು. ಇಲ್ಲಿ ಬಾಗಿಲಿಗೆ ಕನ್ನಡ ಪೇಪರ್ ಬರುವುದಿಲ್ಲ, ಮೊಬೈಲಿನ ಅಕ್ಷರ ಸಣ್ಣದು. ಅದಕ್ಕೇ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಪ್ರಜಾವಾಣಿ ವೆಬ್‌ಸೈಟ್ ತೆರೆದು, ಕಂಟ್ರೋಲ್ ಜೊತೆ ಪ್ಲಸ್ ಒತ್ತಿ ಅಕ್ಷರ ದೊಡ್ಡದು ಮಾಡಿ ಕೊಟ್ಟೆ.

"ತಮ್ಮಾ, ಇದು ಉಲ್ಟಾ ಹೊಂಟೈತಲ್ಲೋ. ಮ್ಯಾಲ ದೂಡಿದ್ರ ಹಾಳಿ ಕೆಳಗ ಬರ್ತೈತಿ" ಎಂದರು.

"ರೂಢಿ ಆಗ್ತದ ಬಿಡಪ್ಪ" ಎಂದು ಗಚ್ಚಿಬೌಲಿಯ ಆಫೀಸಿಗೆ ಓಡಿದೆ.

ಮೂರು ದಿನ ಅವರು ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಕೇಳಿದರೆ, "ವಯಸ್ಸಾತು, ನಂಗ ತಿಳಿಯಂಗಿಲ್ಲ" ಎಂದರು. ಆ ಮಾತು ಚುಚ್ಚಿತು. ಭಾನುವಾರ ಪಕ್ಕದಲ್ಲಿ ಕೂತು ನೋಡಿದೆ. ಅವರ ಬೆರಳು ಸರಿಯಾಗಿಯೇ ಇತ್ತು, ಮೊಬೈಲಿನಲ್ಲಿ ಸರಿಸುವ ಹಾಗೆಯೇ ಸರಿಸುತ್ತಿದ್ದರು. ತಪ್ಪು ನನ್ನದು.

ನಮ್ಮ ತಲೆಮಾರು ಕಲಿತದ್ದು ಮೌಸಿನ ಚಕ್ರ. ಅದನ್ನು ಕೆಳಗೆ ತಿರುಗಿಸಿದರೆ ಬಲಬದಿಯ ಸ್ಕ್ರೋಲ್ ಬಾರ್ ಕೆಳಗಿಳಿಯುತ್ತದೆ, ಪುಟ ಮೇಲೆ ಹೋಗುತ್ತದೆ. ಮೊಬೈಲಿನಲ್ಲಿ ಹಾಗಲ್ಲ, ಬೆರಳು ಹಿಡಿದದ್ದು ಹಾಳೆಯನ್ನೇ. ಬೆರಳು ಹೋದತ್ತ ಹಾಳೆ. 2011ರಲ್ಲಿ ಆಪಲ್ ಕಂಪನಿ ತನ್ನ ಲಯನ್ ಆವೃತ್ತಿಯಲ್ಲಿ ಈ ಕ್ರಮವನ್ನು 'ನ್ಯಾಚುರಲ್' ಎಂದು ಕರೆದು ಕಂಪ್ಯೂಟರಿಗೂ ತಂದಾಗ ಗೊಣಗಿದವರಲ್ಲಿ ನಾನೂ ಒಬ್ಬ. ಈ ಲ್ಯಾಪ್‌ಟಾಪ್ ಕೊಂಡ ದಿನವೇ ಹಳೆಯ ಕ್ರಮಕ್ಕೆ ಬದಲಿಸಿಕೊಂಡು ಮರೆತಿದ್ದೆ.

ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ, ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆಯಿರಿ. ಬ್ಲೂಟೂತ್ ಅಂಡ್ ಡಿವೈಸಸ್, ಅದರೊಳಗೆ ಟಚ್‌ಪ್ಯಾಡ್, ಅಲ್ಲಿ ಸ್ಕ್ರೋಲ್ ಅಂಡ್ ಜೂಮ್. ಎರಡು ಬೆರಳಿನಿಂದ ಸ್ಕ್ರೋಲ್ ಮಾಡುವ ಆಯ್ಕೆಗೆ ಟಿಕ್ ಇರಲಿ. ಸ್ಕ್ರೋಲಿಂಗ್ ಡೈರೆಕ್ಷನ್‌ನಲ್ಲಿ 'ಡೌನ್ ಮೋಷನ್ ಸ್ಕ್ರೋಲ್ಸ್ ಅಪ್' ಆರಿಸಿದರೆ ಮೊಬೈಲಿನಂತೆ. ಮೌಸಿನ ಚಕ್ರಕ್ಕೆ ಇದರಿಂದ ಏನೂ ಆಗುವುದಿಲ್ಲ. ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ಮೌಸ್ ಅಂಡ್ ಟಚ್‌ಪ್ಯಾಡ್ ಪುಟದಲ್ಲಿ 'ನ್ಯಾಚುರಲ್' ಆರಿಸಿ. ಮ್ಯಾಕ್‌ನಲ್ಲಿ ಟ್ರ್ಯಾಕ್‌ಪ್ಯಾಡ್ ಸೆಟ್ಟಿಂಗ್ ನೋಡಿ, ಆದರೆ ಅಲ್ಲಿ ಬದಲಿಸಿದರೆ ಮೌಸಿನ ದಿಕ್ಕೂ ಬದಲಾಗುತ್ತದೆ.

ಬೆರಳು ನಡುಗುವವರಿಗೆ ಇನ್ನೊಂದು ಮಾತು. ಟಚ್‌ಪ್ಯಾಡ್ ಪುಟದ ಟ್ಯಾಪ್ಸ್ ಭಾಗದಲ್ಲಿ ಸೆನ್ಸಿಟಿವಿಟಿಯನ್ನು ಲೋ ಮಾಡಿದರೆ, ಅಂಗೈ ತಾಗಿ ಬೇಡದ್ದು ತೆರೆದುಕೊಳ್ಳುವುದು ಕಡಿಮೆಯಾಗುತ್ತದೆ.

ಎಲ್ಲ ಸೇರಿ ಎರಡು ನಿಮಿಷದ ಕೆಲಸ. ಅಷ್ಟಕ್ಕೆ ಅಪ್ಪ ಮೂರು ದಿನ ತಮ್ಮನ್ನೇ ದಡ್ಡ ಎಂದುಕೊಂಡು ಕೂತಿದ್ದರು. ಸಾಫ್ಟ್‌ವೇರಿನಲ್ಲಿ ದುಡಿಯುವ ಮಗ ಪಕ್ಕದ ಕೋಣೆಯಲ್ಲೇ ಇದ್ದ.

ಸೋಮವಾರ ಬೆಳಗ್ಗೆ ಚಹಾ ಕುಡಿಯುತ್ತಿದ್ದಾಗ ಹಾಲ್‌ನಿಂದ ದನಿ ಬಂತು: "ತಮ್ಮಾ, ತುಂಗಭದ್ರಾ ಡ್ಯಾಮಿಗೆ ನೀರು ಬಂದಾವಂತ, ಓದ್ಲೇನು?"

ಆಫೀಸಿಗೆ ಹತ್ತು ನಿಮಿಷ ತಡವಾಯಿತು.